ಮಾರ್ಷಲ್, ಮಾಟ್ಲಿ ಹೆಸರಿನ ಲಾ ಸ್ಕೂಲ್ ಸ್ಕಾಲರ್‌ಶಿಪ್: ಯಾವುದು ಮೊದಲು, ಯಾವುದು ಆಮೇಲೆ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಅಮೆರಿಕದಲ್ಲಿರುವ ಪರಿಚಯದವರಿಂದ ಒಂದೇ ಥರದ ಮೆಸೇಜ್ ಬರುತ್ತದೆ. ‘ಮಗಳು ಲಾ ಸ್ಕೂಲ್‌ಗೆ ಅಪ್ಲೈ ಮಾಡ್ತಿದ್ದಾಳೆ. ಥರ್ಗುಡ್ ಮಾರ್ಷಲ್ ಸ್ಕಾಲರ್‌ಶಿಪ್‌ಗೆ ಪ್ರಬಂಧ ಬರೆದಿದ್ದಾಳೆ. ಸ್ವಲ್ಪ ನೋಡ್ತೀರಾ?’ ಪ್ರಬಂಧ ಚೆನ್ನಾಗಿಯೇ ಇರುತ್ತದೆ. ‘ಯಾವ ಸಂಸ್ಥೆಯದು? ನಿಯಮ ಓದಿದ್ದಾಳಾ?’ ಎಂದು ಕೇಳಿದರೆ ಮಾತ್ರ ಆ ಕಡೆ ಸದ್ದಿಲ್ಲ.

ತಪ್ಪು ಶುರುವಾಗುವುದು ಇಲ್ಲೇ. ಎಲ್ಲರೂ ಪ್ರಬಂಧದಿಂದ ಆರಂಭಿಸುತ್ತಾರೆ. ಅದು ನಾಲ್ಕನೇ ಕೆಲಸ. ಮಾರ್ಷಲ್ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ, ಮಾಟ್ಲಿ ಫೆಡರಲ್ ಜಡ್ಜ್ ಆದ ಮೊದಲ ಕರಿಯ ಮಹಿಳೆ. ಇಂಥ ಕರಿಯ ವಕೀಲರು, ನ್ಯಾಯಾಧೀಶರ ಹೆಸರಿನಲ್ಲಿರುವ ಈ ಸ್ಕಾಲರ್‌ಶಿಪ್‌ಗಳ ಮಟ್ಟಿಗೆ ಹೆಸರು ಒಂದು ವಿಷಯ, ಅರ್ಹತೆ ಇನ್ನೊಂದು ವಿಷಯ. ಹಣ ಪಡೆದವರು ಆಮೇಲೆ ಏನು ಮಾಡಿಕೊಡಬೇಕು ಅನ್ನುವುದು ಮೂರನೆಯದು. ಇವು ಮೂರೂ ಗೊತ್ತಾಗದೆ ಬರೆದದ್ದು ವಿಳಾಸವಿಲ್ಲದ ಕಾಗದ ಇದ್ದ ಹಾಗೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಎಲ್‌ಎಸ್‌ಎಸಿ ಖಾತೆ ಬೇಕು. ಎಲ್‌ಸ್ಯಾಟ್ ಅನ್ನುವ ಲಾ ಸ್ಕೂಲ್ ಪ್ರವೇಶ ಪರೀಕ್ಷೆ ನಡೆಸುವುದೂ, ಅಂಕಪಟ್ಟಿಗಳನ್ನು ಲಾ ಸ್ಕೂಲ್‌ಗಳಿಗೆ ಕಳಿಸುವುದೂ ಇದೇ ಸಂಸ್ಥೆ. ಇದರ ಜೊತೆಗೆ ಎರಡು ಪುಟ ಮೀರದ ರೆಸ್ಯೂಮೆ, ಕಳೆದ ವರ್ಷದ ಟ್ಯಾಕ್ಸ್ ರಿಟರ್ನ್, ಮತ್ತು ಒಂದು ಸ್ಪ್ರೆಡ್‌ಶೀಟ್. ಆ ಶೀಟ್‌ನಲ್ಲಿ ಆರು ಕಾಲಂ ಸಾಕು: ಸಂಸ್ಥೆ, ಕೊನೆಯ ದಿನ, ಯಾರಿಗೆ, ಎಷ್ಟು ಹಣ, ಎಷ್ಟು ವರ್ಷ, ಬದಲಿಗೆ ಏನು. ಕೊನೆಯ ಕಾಲಂ ಖಾಲಿ ಬಿಡಬೇಡಿ. ಯಾಕೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಹೆಸರಿನ ಹಿಂದೆ ಯಾವ ಸಂಸ್ಥೆ ಇದೆ ನೋಡಿ

‘ಥರ್ಗುಡ್ ಮಾರ್ಷಲ್ ಸ್ಕಾಲರ್‌ಶಿಪ್’ ಅಂತ ಹುಡುಕಿ ನೋಡಿ. ಒಂದಕ್ಕೊಂದು ಸಂಬಂಧವೇ ಇಲ್ಲದವು ಒಟ್ಟಿಗೆ ಬಂದು ಬೀಳುತ್ತವೆ. ಥರ್ಗುಡ್ ಮಾರ್ಷಲ್ ಕಾಲೇಜ್ ಫಂಡ್ 1987ರಲ್ಲಿ ಶುರುವಾದದ್ದು. ಅದರ ಮುಖ್ಯ ಕೆಲಸ ಐತಿಹಾಸಿಕವಾಗಿ ಕರಿಯರ ಸಾರ್ವಜನಿಕ ಕಾಲೇಜುಗಳ ವಿದ್ಯಾರ್ಥಿಗಳಿಗೆ ನೆರವು ಕೊಡುವುದು. ಲಾ ಓದುವವರಿಗಾಗಿಯೇ ಹುಟ್ಟಿದ ಸಂಸ್ಥೆ ಅದಲ್ಲ. ಥರ್ಗುಡ್ ಮಾರ್ಷಲ್ ಸ್ಕೂಲ್ ಆಫ್ ಲಾ ಅನ್ನುವುದು ಹ್ಯೂಸ್ಟನ್‌ನ ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು. ಅಲ್ಲಿನ ಸ್ಕಾಲರ್‌ಶಿಪ್ ಅಲ್ಲಿ ಓದುವವರಿಗೆ ಮಾತ್ರ. ಮಾರ್ಷಲ್-ಮಾಟ್ಲಿ ಸ್ಕಾಲರ್ಸ್ ಪ್ರೋಗ್ರಾಂ ಮತ್ತೆ ಬೇರೆಯದೇ. ಅದು ಮಾರ್ಷಲ್ 1940ರಲ್ಲಿ ಕಟ್ಟಿದ ನಾಗರಿಕ ಹಕ್ಕುಗಳ ಕಾನೂನು ಸಂಸ್ಥೆಯಾದ ಲೀಗಲ್ ಡಿಫೆನ್ಸ್ ಫಂಡ್‌ನದು. ಚಿಕ್ಕದಾಗಿ ಎಲ್‌ಡಿಎಫ್ ಅನ್ನುತ್ತಾರೆ.

ಸುಲಭಕ್ಕೆ ಇವನ್ನು ಮೂರು ಗುಂಪು ಮಾಡಿಕೊಳ್ಳಿ. ಮೊದಲನೆಯದು ದೇಶದ ಮಟ್ಟದವು, ಮಾರ್ಷಲ್-ಮಾಟ್ಲಿಯಂಥವು. ಎರಡನೆಯದು ಒಂದೊಂದು ಲಾ ಸ್ಕೂಲಿನ ಒಳಗಿನ ದತ್ತಿ. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಹೀಮನ್ ಸ್ವೆಟ್ ಹೆಸರಿನ ಸ್ಕಾಲರ್‌ಶಿಪ್ ಇದೆ. ಬಣ್ಣದ ಕಾರಣಕ್ಕೆ ಅವರಿಗೆ ಸೀಟು ಕೊಡದೆ, ಕೊನೆಗೆ 1950ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಒಳಗೆ ಬಿಟ್ಟ ಅದೇ ಲಾ ಸ್ಕೂಲ್. ಇಂಥ ಒಳದತ್ತಿಗಳಲ್ಲಿ ಎಷ್ಟೋ ಕಡೆ ಬೇರೆ ಅರ್ಜಿಯೇ ಇರುವುದಿಲ್ಲ. ಸೀಟು ಕೊಡುವಾಗ ಅವರೇ ಆರಿಸುತ್ತಾರೆ. ಅಡ್ಮಿಷನ್ ಆಫೀಸಿಗೆ ಎರಡು ಸಾಲಿನ ಇಮೇಲ್ ಹಾಕಿ ಕೇಳಿ, ಮುಗಿಯಿತು.

ಮೂರನೇ ಗುಂಪನ್ನು ನಮ್ಮವರು ನೋಡುವುದೇ ಇಲ್ಲ. ಊರೂರಿನ ಕರಿಯ ವಕೀಲರ ಸಂಘಗಳು. ಇವುಗಳ ಹೆಸರೇ ಒಬ್ಬೊಬ್ಬ ಹಿರಿಯರದು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಚಾರ್ಲ್ಸ್ ಹ್ಯೂಸ್ಟನ್, ಲಾಸ್ ಏಂಜಲೀಸ್‌ನಲ್ಲಿ ಜಾನ್ ಲ್ಯಾಂಗ್‌ಸ್ಟನ್, ಸ್ಯಾಕ್ರಮೆಂಟೊದಲ್ಲಿ ವೈಲಿ ಮ್ಯಾನುಯೆಲ್, ಸ್ಯಾನ್ ಡಿಯಾಗೊದಲ್ಲಿ ಅರ್ಲ್ ಗಿಲಿಯಮ್, ವಾಷಿಂಗ್ಟನ್ ರಾಜ್ಯದಲ್ಲಿ ಲೋರೆನ್ ಮಿಲ್ಲರ್, ಕೊಲರಾಡೊದಲ್ಲಿ ಸ್ಯಾಮ್ ಕ್ಯಾರಿ, ಲೂಸಿಯಾನಾದಲ್ಲಿ ಲೂಯಿ ಮಾರ್ಟಿನೆ. ಇಂಥ ಸಂಘಗಳು ಅಥವಾ ಅವುಗಳ ಫೌಂಡೇಶನ್‌ಗಳು ತಮ್ಮ ಭಾಗದ ಲಾ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುವುದು ಸಾಮಾನ್ಯ. ಮೊತ್ತ ದೊಡ್ಡದಲ್ಲ ನಿಜ. ಆದರೆ ದೇಶದ ಮಟ್ಟದಲ್ಲಿರುವಷ್ಟು ನೂಕುನುಗ್ಗಲು ಇಲ್ಲಿಲ್ಲ. ಸಮಾರಂಭಕ್ಕೆ ಹೋದರೆ ಆ ಊರಿನ ವಕೀಲರು, ಜಡ್ಜ್‌ಗಳು ಒಂದೇ ಕೋಣೆಯಲ್ಲಿ ಸಿಗುತ್ತಾರೆ. ನನ್ನ ಲೆಕ್ಕದಲ್ಲಿ ಚೆಕ್‌ಗಿಂತ ಅದೇ ಜಾಸ್ತಿ.

ಎಚ್ಚರ: ಫೌಂಡೇಶನ್ ಹೆಸರು ಹೊಸದೆನಿಸಿದರೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ವೆಬ್‌ಸೈಟ್‌ನಲ್ಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳನ್ನು ಹುಡುಕುವ ಪುಟವಿದೆ, ಅಲ್ಲಿ ನೋಡಿ. ಅರ್ಜಿಗೆ ಶುಲ್ಕ ಕೇಳಿದರೆ, ಅರ್ಜಿಯನ್ನೇ ಹಾಕದ ಕಡೆಯಿಂದ ‘ನೀವು ಆಯ್ಕೆಯಾಗಿದ್ದೀರಿ’ ಅಂತ ಬಂದರೆ, ಹಣ ಕೊಡುವ ಮೊದಲೇ ಬ್ಯಾಂಕ್ ಪಾಸ್‌ವರ್ಡ್ ಕೇಳಿದರೆ, ಅಲ್ಲಿಗೇ ಬಿಟ್ಟುಬಿಡಿ. ಮಾರ್ಷಲ್ ಹೆಸರು ಯಾರು ಬೇಕಾದರೂ ಹಾಕಿಕೊಳ್ಳಬಹುದು.

## ಹಂತ 2: ನಿಯಮವನ್ನು ಪೆನ್ನು ಹಿಡಿದು ಓದಿ

ಇಲ್ಲಿ ಆತುರ ಬೇಡ. ಒಂದು ಸಂಜೆ ಪೂರ್ತಿ ಇಡಿ.

ಮೊದಲ ಪ್ರಶ್ನೆ, ಯಾರಿಗೆ? 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನೇ ಒಂದು ಅಂಶವಾಗಿ ಪರಿಗಣಿಸುವುದನ್ನು ನಿಲ್ಲಿಸಿತು. ತೀರ್ಪು ಪ್ರವೇಶದ ಬಗ್ಗೆ ಇದ್ದರೂ ಅದಾದ ಮೇಲೆ ಎಷ್ಟೋ ಸ್ಕಾಲರ್‌ಶಿಪ್‌ಗಳ ಭಾಷೆ ಬದಲಾಯಿತು. ‘ಕರಿಯ ವಿದ್ಯಾರ್ಥಿಗಳಿಗೆ’ ಅಂತ ಇದ್ದದ್ದು ‘ನಾಗರಿಕ ಹಕ್ಕುಗಳ ಕೆಲಸಕ್ಕೆ ಬದ್ಧರಾದವರಿಗೆ’ ಅಂತಾಗಿದೆ. ಹಾಗಾಗಿ ಮೂರು ವರ್ಷ ಹಿಂದಿನ ಪಟ್ಟಿ, ಅಣ್ಣ ಕಳಿಸಿದ ಪಿಡಿಎಫ್, ಇವನ್ನು ನಂಬಬೇಡಿ. ಈ ವರ್ಷದ ಪುಟವನ್ನೇ ತೆರೆಯಿರಿ.

ಇಲ್ಲೇ ಕನ್ನಡದ ಮನೆಗಳಿಗೆ ಒಂದು ನೇರ ಮಾತು. ಭಾಷೆ ಬದಲಾಯಿತು ಅಂದ ಮಾತ್ರಕ್ಕೆ ಇದು ಎಲ್ಲರಿಗೂ ಬಿಟ್ಟಿ ದುಡ್ಡಲ್ಲ. ನಿಮ್ಮ ಮಗ ಅಟ್ಲಾಂಟಾದಲ್ಲಿ ಎರಡು ವರ್ಷ ಬಾಡಿಗೆದಾರರ ಪರ ಕೆಲಸ ಮಾಡಿದ್ದಾನಾ, ಅದೇ ಕೆಲಸ ಮುಂದುವರಿಸುತ್ತಾನಾ, ಧೈರ್ಯವಾಗಿ ಹಾಕಲಿ. ಕಾರ್ಪೊರೇಟ್ ಫರ್ಮ್ ಕನಸು ಇಟ್ಟುಕೊಂಡು ಸುಮ್ನೆ ಹಾಕುವುದಾದರೆ ಬೇಡ. ಆಯ್ಕೆ ಸಮಿತಿಯಲ್ಲಿ ಕೂತವರು ಇಂಥ ಅರ್ಜಿಗಳನ್ನು ಬೇಕಾದಷ್ಟು ನೋಡಿರುತ್ತಾರೆ.

ಎರಡನೆಯದು ಪೌರತ್ವ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರು ಫಾಫ್ಸಾ ಅನ್ನುವ ಅರ್ಜಿಯ ಮೂಲಕ ಸಿಗುವ ಸರ್ಕಾರಿ ನೆರವಿಗೆ ಅರ್ಹರಲ್ಲ. ಎಷ್ಟೋ ಖಾಸಗಿ ಸ್ಕಾಲರ್‌ಶಿಪ್‌ಗಳೂ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನೇ ಕೇಳುತ್ತವೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಲ್‌ಎಲ್‌ಬಿ ಮುಗಿಸಿ ಒಂದು ವರ್ಷದ ಎಲ್‌ಎಲ್‌ಎಂಗೆ ಹೋಗುವವರು ಇನ್ನೊಂದು ಮಾತು ಗಮನಿಸಿ: ಇವುಗಳಲ್ಲಿ ಹೆಚ್ಚಿನವು ಮೂರು ವರ್ಷದ ಜೆಡಿ, ಅಂದರೆ ಅಮೆರಿಕದ ಮುಖ್ಯ ಕಾನೂನು ಪದವಿ, ಓದುವವರಿಗೆ. ‘ಜೆಡಿ ವಿದ್ಯಾರ್ಥಿ’ ಅನ್ನುವ ಪದ ಕಂಡರೆ ನಿಮ್ಮ ಶೀಟ್‌ನಿಂದ ಆ ಸಾಲು ಅಳಿಸಿ. ಬೇಜಾರು ಒಂದು ದಿನದ್ದು, ಸಮಯ ಉಳಿಯುತ್ತದೆ.

ಮೂರನೆಯದೇ ಆ ಕೊನೆಯ ಕಾಲಂ, ಬದಲಿಗೆ ಏನು? ಮಾರ್ಷಲ್-ಮಾಟ್ಲಿಯನ್ನೇ ತೆಗೆದುಕೊಳ್ಳಿ. 2021ರಲ್ಲಿ ಘೋಷಿಸಿದ್ದು. ಐದು ತಂಡಗಳಲ್ಲಿ ಒಟ್ಟು 50 ವಕೀಲರನ್ನು ತಯಾರು ಮಾಡುವ ಯೋಜನೆ. ಲಾ ಸ್ಕೂಲ್ ಫೀಸು, ಊಟ, ವಸತಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಇದೆ. ಓದು ಮುಗಿದ ಮೇಲೆ ನಾಗರಿಕ ಹಕ್ಕುಗಳ ಸಂಸ್ಥೆಯಲ್ಲಿ ಎರಡು ವರ್ಷದ ಫೆಲೋಶಿಪ್. ಅದಾದ ಮೇಲೆ ಎಂಟು ವರ್ಷ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯ ಸಮುದಾಯಗಳ ಪರ ಇದೇ ವಕೀಲಿಕೆ ಮಾಡುವ ಬದ್ಧತೆ.

ಈಗ ಕೂಡಿಸಿ. ಓದು 3, ಫೆಲೋಶಿಪ್ 2, ದಕ್ಷಿಣದಲ್ಲಿ 8. ಒಟ್ಟು 13 ವರ್ಷ. 24ಕ್ಕೆ ಸೇರಿದ ಹುಡುಗಿಗೆ ಮುಗಿಯುವಾಗ 37. ಮದುವೆ, ಮನೆ, ನ್ಯೂ ಜೆರ್ಸಿಯಲ್ಲಿರುವ ಅಪ್ಪ-ಅಮ್ಮ, ಎಲ್ಲವೂ ಈ ಲೆಕ್ಕದೊಳಗೆ ಬರುತ್ತದೆ. ಇದು ಹೆದರಿಸಲು ಹೇಳಿದ್ದಲ್ಲ. ಈ ಕೆಲಸವನ್ನೇ ಮಾಡಬೇಕು ಅಂತಿರುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಮೊದಲು ಗೊತ್ತಿರಬೇಕು, ಅಲ್ವಾ? ಇನ್ನೊಂದು ಮಾತು. ತಂಡಗಳ ಸಂಖ್ಯೆ ಮೊದಲೇ ನಿಗದಿಯಾದದ್ದು. ಆದ್ದರಿಂದ ಹೊಸ ತಂಡಕ್ಕೆ ಅರ್ಜಿ ಕರೆದಿದ್ದಾರಾ ಅನ್ನುವುದನ್ನು ಎಲ್‌ಡಿಎಫ್ ಪುಟದಲ್ಲಿ ನೋಡಿಕೊಂಡೇ ಮುಂದಿನ ಕೆಲಸ.

## ಹಂತ 3: ಕಾಗದಪತ್ರ, ಪರೀಕ್ಷೆ

ಎಲ್‌ಸ್ಯಾಟ್ ಅಂಕ 120ರಿಂದ 180ರ ನಡುವೆ ಇರುತ್ತದೆ. 2024ರ ಆಗಸ್ಟ್‌ನಿಂದ ‘ಲಾಜಿಕ್ ಗೇಮ್ಸ್’ ಭಾಗ ತೆಗೆದುಹಾಕಿದ್ದಾರೆ. ಹಳೇ ಪುಸ್ತಕ ಕಡಿಮೆ ಬೆಲೆಗೆ ಸಿಕ್ಕಿತೆಂದು ಅದನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರನ್ನು ನೋಡಿದ್ದೇನೆ. ಲಾ ಸ್ಕೂಲಿನ ಹಣ ಹೆಚ್ಚಾಗಿ ಈ ಅಂಕದ ಬೆನ್ನಿಗೇ ಬರುತ್ತದೆ. ಹಾಗಾಗಿ ಹೊರಗಿನ 5,000 ಡಾಲರ್‌ಗೆ ಹತ್ತು ಪ್ರಬಂಧ ಬರೆಯುವ ಬದಲು ಎಲ್‌ಸ್ಯಾಟ್‌ಗೆ ಎರಡು ತಿಂಗಳು ಜಾಸ್ತಿ ಕೊಟ್ಟರೆ ಎಷ್ಟೋ ಸಲ ಲಾಭ ಹೆಚ್ಚು.

ಆದಾಯ ಕಡಿಮೆ ಇದ್ದರೆ ಎಲ್‌ಎಸ್‌ಎಸಿಯ ಶುಲ್ಕ ಮಾಫಿಗೆ ಮೊದಲು ಅರ್ಜಿ ಹಾಕಿ. ಪರೀಕ್ಷೆಗೆ ಹೆಸರು ಕೊಡುವುದು ಆಮೇಲೆ. ಹಿಂದುಮುಂದು ಮಾಡಿ, ಕಟ್ಟಿದ ಹಣ ವಾಪಸ್ ಕೇಳುವ ಪರದಾಟ ಯಾಕೆ? ಭಾರತದಲ್ಲಿ ಡಿಗ್ರಿ ಮಾಡಿದವರು ಅಂಕಪಟ್ಟಿಯ ಕೆಲಸವನ್ನು ಬೇಸಿಗೆಯಲ್ಲೇ ಶುರು ಮಾಡಿ. ಅದು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ನಿಮ್ಮ ಕೈಯಲ್ಲಿರುವ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ನಡೆಯುವುದಿಲ್ಲ.

ಶಿಫಾರಸು ಪತ್ರದಲ್ಲೂ ಎಡವುವ ಜಾಗ ಒಂದಿದೆ. ಎಲ್‌ಎಸ್‌ಎಸಿಗೆ ಬಂದ ಪತ್ರ ಲಾ ಸ್ಕೂಲ್‌ಗಳಿಗೆ ಹೋಗುತ್ತದೆ. ಊರಿನ ವಕೀಲರ ಸಂಘಕ್ಕೆ ಅದು ಹೋಗುವುದಿಲ್ಲ. ಬರೆಯುವವರ ಹತ್ತಿರ ಮೊದಲ ದಿನವೇ ಹೇಳಿ, ‘ಸರ್, ಇದೇ ಪತ್ರ ಬೇರೆ ಎರಡು ಕಡೆಗೂ ಬೇಕು’ ಅಂತ. ಕೊನೆಯ ದಿನಕ್ಕೆ ಆರು ವಾರ ಮೊದಲು ಕೇಳಿ, ಎರಡು ವಾರ ಮೊದಲು ಒಮ್ಮೆ ನೆನಪಿಸಿ.

## ಹಂತ 4: ಈಗ ಪ್ರಬಂಧ

ಹೆಚ್ಚಿನವರು ಎಡವುವುದು ಮೊದಲ ಸಾಲಿನಲ್ಲೇ. ‘ಥರ್ಗುಡ್ ಮಾರ್ಷಲ್ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ. ಅವರೇ ನನ್ನ ಸ್ಫೂರ್ತಿ.’ ಸಮಿತಿಯವರಿಗೆ ಅದು ಗೊತ್ತು. ಅವರ ಸಂಘದ ಹೆಸರೇ ಅದು!

ಹೊಗಳಿಕೆ ಬಿಡಿ, ಕೆಲಸ ಹಿಡಿಯಿರಿ. ಆ ವ್ಯಕ್ತಿ ದಿನನಿತ್ಯ ಮಾಡುತ್ತಿದ್ದದ್ದು ಏನು? ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ 1966ರಲ್ಲಿ ಫೆಡರಲ್ ಜಡ್ಜ್ ಆದ ಮೊದಲ ಕರಿಯ ಮಹಿಳೆ ಅನ್ನುವುದು ಎಲ್ಲ ಕಡೆ ಸಿಗುತ್ತದೆ. ಶಾಲೆಗಳಲ್ಲಿ ಕರಿಯ, ಬಿಳಿಯ ಮಕ್ಕಳನ್ನು ಬೇರೆಬೇರೆ ಇಡುವುದನ್ನು ಪ್ರಶ್ನಿಸಿದ ಬ್ರೌನ್ ಪ್ರಕರಣದ ಮೂಲ ದೂರನ್ನು ಬರೆದುಕೊಟ್ಟವರು ಅವರು, ಸುಪ್ರೀಂ ಕೋರ್ಟಿನಲ್ಲಿ ಹತ್ತು ಪ್ರಕರಣ ವಾದಿಸಿ ಒಂಬತ್ತು ಗೆದ್ದವರು ಅನ್ನುವುದು ನಿಮ್ಮ ಪ್ರಬಂಧಕ್ಕೆ ಉಪಯೋಗಕ್ಕೆ ಬರುವ ಸಂಗತಿ. ಚಾರ್ಲ್ಸ್ ಹ್ಯೂಸ್ಟನ್ ಹಾವರ್ಡ್ (ಹಾರ್ವರ್ಡ್ ಅಲ್ಲ) ಲಾ ಸ್ಕೂಲಿನಲ್ಲಿ ಮಾರ್ಷಲ್‌ಗೆ ಗುರು. ದಕ್ಷಿಣದಲ್ಲಿ ಕ್ಯಾಮೆರಾ ಹಿಡಿದು ತಿರುಗಿ, ಕರಿಯ ಮಕ್ಕಳ ಶಾಲೆ ಹೇಗಿದೆ, ಬಿಳಿಯ ಮಕ್ಕಳದ್ದು ಹೇಗಿದೆ ಅಂತ ಚಿತ್ರೀಕರಿಸಿದವರು. ಸಾಕ್ಷ್ಯ ಕಲೆಹಾಕುವುದು ಅಂದರೆ ಅದು. ಲೋರೆನ್ ಮಿಲ್ಲರ್ ಹೋರಾಡಿದ್ದು ಮನೆ ಕ್ರಯಪತ್ರದ ಒಂದು ಷರತ್ತಿನ ವಿರುದ್ಧ. ‘ಈ ಮನೆಯನ್ನು ಕರಿಯರಿಗೆ ಮಾರಬಾರದು’ ಅನ್ನುವಂಥ ಷರತ್ತು. ಅದನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈಗ ನಿಮ್ಮದೊಂದು ಕೆಲಸವನ್ನು ಅದರ ಪಕ್ಕ ಇಡಿ. ಉದಾಹರಣೆಗೆ, ಬಾಡಿಗೆ ವ್ಯಾಜ್ಯಗಳ ಕೋರ್ಟಿನ ಹೊರಗೆ ಸ್ವಯಂಸೇವಕರಾಗಿ ಕೂತವರು ಹೀಗೆ ಬರೆಯಬಹುದು: ‘ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಬೆಂಚಿನ ಮೇಲೆ ಕುಳಿತು ಜನರ ನೋಟಿಸ್ ಓದಿಕೊಡುತ್ತಿದ್ದೆ. ಮೂರು ನೋಟಿಸ್‌ಗಳಲ್ಲಿ ತಾರೀಖೇ ತಪ್ಪಿತ್ತು. ಅದನ್ನು ಜಡ್ಜ್ ಮುಂದೆ ಹೇಳುವವರು ಯಾರೂ ಇರಲಿಲ್ಲ.’ ಇಲ್ಲಿ ಸ್ಫೂರ್ತಿ ಅನ್ನುವ ಪದವೇ ಇಲ್ಲ. ಆದರೂ ಮಿಲ್ಲರ್ ಹೆಸರಿನ ಸಮಿತಿಗೆ ಇದು ತಮ್ಮದೇ ಕೆಲಸ ಅಂತ ತಕ್ಷಣ ಗೊತ್ತಾಗುತ್ತದೆ. ಮಿಲ್ಲರ್ ಬಗ್ಗೆ ಎರಡು ಸಾಲು ಸಾಕು. ಉಳಿದದ್ದು ನಿಮ್ಮದು, ಮತ್ತು ಮುಂದೆ ಯಾವ ಊರಿನಲ್ಲಿ, ಯಾವ ಥರದ ಪ್ರಕರಣ ಹಿಡಿಯುತ್ತೀರಿ ಅನ್ನುವುದು.

ನಿಮ್ಮ ಬದುಕಿನಲ್ಲಿ ಜನಾಂಗದ ಅನುಭವ ಇದ್ದರೆ ಬರೆಯಬಾರದು ಅನ್ನುವ ತಪ್ಪು ತಿಳಿವಳಿಕೆ 2023ರ ನಂತರ ಹರಡಿದೆ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅರ್ಜಿದಾರರು ಹೇಳುವುದನ್ನು ವಿಶ್ವವಿದ್ಯಾಲಯಗಳು ಪರಿಗಣಿಸಬಹುದು ಎಂದು ಆ ತೀರ್ಪಿನಲ್ಲೇ ಇದೆ. ಆದರೆ ನಡೆದದ್ದನ್ನೇ ಬರೆಯಿರಿ. ಇಲ್ಲದ ಕಷ್ಟ ಕಟ್ಟಬೇಡಿ. ನಮ್ಮ ಹುಡುಗರು ತಾತ ಹಳ್ಳಿಯಿಂದ ನಡೆದು ಶಾಲೆಗೆ ಹೋದ ಕತೆ ತರುತ್ತಾರೆ. ಅದು ತಾತನ ಕಷ್ಟ.

ಕೊನೆಯ ಪರೀಕ್ಷೆ ಒಂದಿದೆ. ಸ್ಕಾಲರ್‌ಶಿಪ್ ಹೆಸರು ತೆಗೆದು ಬೇರೆ ಹೆಸರು ಹಾಕಿ ಓದಿ. ಪ್ರಬಂಧ ಹಾಗೇ ಕೂತರೆ ಇನ್ನೂ ಮುಗಿದಿಲ್ಲ ಅಂತ ಅರ್ಥ.

## ಹಂತ 5: ಸಿಕ್ಕಿದ ಹಣ ನಿಜಕ್ಕೂ ಎಷ್ಟು?

ಸಿಹಿ ಹಂಚುವ ಮೊದಲು ಇದನ್ನು ಓದಿ. ನನ್ನ ಅಕ್ಕನ ಮಗಳಿಗೆ ಹೊರಗಿನ ಸಂಸ್ಥೆಯೊಂದರಿಂದ 5,000 ಡಾಲರ್ ಬಂತು. ಮನೆಯಲ್ಲಿ ಹೋಳಿಗೆ ಮಾಡಿದ್ದೂ ಆಯಿತು. ಎರಡು ವಾರದ ಮೇಲೆ ಲಾ ಸ್ಕೂಲಿನ ಹೊಸ ನೆರವಿನ ಪತ್ರ ಬಂತು. ಅವರ ಗ್ರಾಂಟ್, ಅಂದರೆ ವಾಪಸ್ ಕೊಡಬೇಕಿಲ್ಲದ ನೆರವು, ಸರಿಯಾಗಿ 5,000 ಕಡಿಮೆಯಾಗಿತ್ತು. ಮೋಸವೇನೂ ಅಲ್ಲ, ಅವರ ನಿಯಮವೇ ಹಾಗಿತ್ತು. ನಾವು ಕೇಳಿರಲಿಲ್ಲ, ಅಷ್ಟೇ.

ಆದ್ದರಿಂದ ಸೀಟು ಒಪ್ಪುವ ಮೊದಲೇ ಬರವಣಿಗೆಯಲ್ಲಿ ಕೇಳಿ: ‘ಹೊರಗಿನ ಸ್ಕಾಲರ್‌ಶಿಪ್ ಬಂದರೆ ಮೊದಲು ಸಾಲ ಕಡಿಮೆ ಮಾಡುತ್ತೀರಾ, ಗ್ರಾಂಟ್ ಕಡಿಮೆ ಮಾಡುತ್ತೀರಾ?’ ಸಾಲ ಅಂದರೆ ನಿಮಗೆ ಲಾಭ. ಗ್ರಾಂಟ್ ಅಂದರೆ ಆ ಹಣ ನಿಮ್ಮ ಜೇಬಿಗೆ ಬರಲೇ ಇಲ್ಲ. ಈ ಉತ್ತರವನ್ನೂ ಶೀಟ್‌ನಲ್ಲಿ ಬರೆಯಿರಿ.

ಇನ್ನೊಂದು ಬಲೆ ಷರತ್ತಿನ ಸ್ಕಾಲರ್‌ಶಿಪ್. ‘ಸರಾಸರಿ ಇಷ್ಟರ ಮೇಲೆ ಇದ್ದರೆ ಮಾತ್ರ ಮುಂದಿನ ವರ್ಷ’ ಅಂತ ಇರುತ್ತದೆ. ಕಾಲೇಜಿನಲ್ಲಿ ಸದಾ ಎ ತೆಗೆದವರಿಗೆ ಇದು ಸುಲಭ ಅನಿಸುತ್ತದೆ. ಲಾ ಸ್ಕೂಲಿನ ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ಕರ್ವ್, ಅಂದರೆ ಒಬ್ಬರನ್ನೊಬ್ಬರಿಗೆ ಹೋಲಿಸಿ ಗ್ರೇಡ್ ಕೊಡುವ ಪದ್ಧತಿ, ಇರುತ್ತದೆ. ಎಲ್ಲರೂ ಚೆನ್ನಾಗಿ ಬರೆದರೂ ಒಂದಷ್ಟು ಜನ ಕೆಳಗೇ ಇರಲೇಬೇಕು. ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಇರುವ ಪ್ರತಿ ಲಾ ಸ್ಕೂಲೂ ‘ಸ್ಟ್ಯಾಂಡರ್ಡ್ 509’ ವರದಿ ಪ್ರಕಟಿಸಬೇಕು. ಅದರಲ್ಲಿ ಷರತ್ತಿನ ಸ್ಕಾಲರ್‌ಶಿಪ್‌ನ ಪಟ್ಟಿ ಇರುತ್ತದೆ. ಎಷ್ಟು ಜನ ಅದರೊಂದಿಗೆ ಸೇರಿದರು, ಎಷ್ಟು ಜನರದ್ದು ಕಡಿಮೆಯಾಯಿತು ಅಥವಾ ನಿಂತುಹೋಯಿತು. 60 ಜನ ಸೇರಿ 20 ಜನರದ್ದು ಹೋಗಿದೆ ಅಂತ ಕಂಡರೆ ಮೂವರಲ್ಲಿ ಒಬ್ಬರು ಕಳೆದುಕೊಂಡಿದ್ದಾರೆ ಎಂದಾಯಿತು. ಆ ಒಬ್ಬರು ನೀವೇ ಆದರೆ ಉಳಿದ ಎರಡು ವರ್ಷ ಹೇಗೆ ಕಟ್ಟುತ್ತೀರಿ ಅಂತ ಮೊದಲೇ ಯೋಚಿಸಿ.

ಈ ಲೆಕ್ಕ ಈಗ ಇನ್ನೂ ಮುಖ್ಯ. 2025ರ ಜುಲೈನಲ್ಲಿ ಬಂದ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರ್ಯಾಡ್ ಪ್ಲಸ್, ಅಂದರೆ ಉನ್ನತ ಪದವಿಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಸಾಲ, ಇಲ್ಲ. ಲಾ ಥರದ ವೃತ್ತಿ ಕೋರ್ಸಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000. ವರ್ಷದ ಖರ್ಚು 90,000, ಗ್ರಾಂಟ್ 40,000 ಅಂದುಕೊಳ್ಳಿ. ಉಳಿದ 50,000 ಮಿತಿಯ ಅಂಚಿಗೇ ಬಂತು. ಗ್ರಾಂಟ್ ಹೋದರೆ 40,000ಕ್ಕೆ ಖಾಸಗಿ ಬ್ಯಾಂಕಿನ ಬಾಗಿಲು ತಟ್ಟಬೇಕು.

‘ಅರ್ಲಿ ಡಿಸಿಷನ್’ ಬಗ್ಗೆ ಒಂದೇ ಮಾತು. ಅದು ಒಂದೇ ಸ್ಕೂಲಿಗೆ ಬೇಗ ಹಾಕುವ ಅರ್ಜಿ, ಸೀಟು ಸಿಕ್ಕರೆ ಸೇರಲೇಬೇಕು. ಬೇರೆ ಸ್ಕೂಲಿನ ಆಫರ್ ತೋರಿಸಿ ಹಣ ಹೆಚ್ಚಿಸಿ ಅಂತ ಕೇಳುವ ದಾರಿ ಮುಚ್ಚಿಹೋಗುತ್ತದೆ.

## ಹಂತ 6: ಒಪ್ಪಿಕೊಂಡ ಮೇಲೆ

ತೆರಿಗೆ ಮರೆಯಬೇಡಿ. ಸ್ಕಾಲರ್‌ಶಿಪ್‌ನಲ್ಲಿ ಫೀಸು, ಕಡ್ಡಾಯ ಪುಸ್ತಕಕ್ಕೆ ಹೋದ ಭಾಗಕ್ಕೆ ತೆರಿಗೆ ಇಲ್ಲ. ಊಟ, ವಸತಿಗೆ ಹೋದ ಭಾಗಕ್ಕೆ ಇದೆ. ಎಫ್-1 ವೀಸಾದವರಿಗೆ ಆ ಭಾಗದಲ್ಲಿ ಸಾಮಾನ್ಯವಾಗಿ ಶೇ 14 ಮೊದಲೇ ಹಿಡಿಯುತ್ತಾರೆ. ಭಾರತದ ವಿದ್ಯಾರ್ಥಿಗಳಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಡಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ಕೇಳಿ ಪಡೆಯಿರಿ.

ಸೇವೆಯ ಬದ್ಧತೆ ಇದ್ದರೆ ಸಹಿ ಹಾಕುವ ಮೊದಲು ಎರಡು ಸಾಲು ಹುಡುಕಿ: ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಕೊಡಬೇಕಾ, ಕಾಯಿಲೆ ಅಥವಾ ಹೆರಿಗೆಯ ಸಮಯದಲ್ಲಿ ಗಡಿಯಾರ ನಿಲ್ಲುತ್ತದಾ? ಕಾಣದಿದ್ದರೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.

ಹಣ ಬಂದ ವಾರವೇ ಕೃತಜ್ಞತಾ ಪತ್ರ ಕಳಿಸಿ. ಮುಂದಿನ ವರ್ಷದ ನವೀಕರಣಕ್ಕೆ ಅಂಕಪಟ್ಟಿ ಕಳಿಸಬೇಕಾದ ತಾರೀಖಿಗೆ ಫೋನಿನಲ್ಲಿ ಎರಡು ಸಲ ಅಲಾರಂ ಇಡಿ, ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಇನ್ನೊಂದು. ಎರಡನೇ ವರ್ಷದ ಹಣ ಸುಮ್ಮಸುಮ್ಮನೆ ಕೈತಪ್ಪುವುದು ಈ ತಾರೀಖು ಮರೆತಾಗಲೇ.